ಮೊಸಳೆ ಹೆಂಡತಿ ಆಗಿದ್ದ ನಮ್ಮ ಮಿಸ್

ಎರಡನೇ ಕ್ಲಾಸಲ್ಲಿ ನಮಗೆ ಕಥೆ ಪೀರಿಯಡ್ ತಗೋತಿದ್ದ ಮಿಸ್ ತೀರಿಕೊಂಡ್ರು ಅಂತ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಾಗ ಎಲ್ಲರೂ ನೆನೆಸಿಕೊಂಡಿದ್ದು ಒಂದೇ ಹೆಸರು, ಮೊಸಳೆ ಹೆಂಡತಿ. ಕೋತಿ ಮೊಸಳೆ ಕಥೆ ಆಡುವಾಗ ಆ ಪಾತ್ರ ಅವರದ್ದೇ. ಹೊರಗಿನವರು ಓದಿದ್ರೆ ಬೇಜಾರು ಮಾಡ್ಕೋಬಹುದು, ನಮಗೆ ಮಾತ್ರ ಅದಕ್ಕಿಂತ ಪ್ರೀತಿಯ ಹೆಸರಿಲ್ಲ. ಆ ವರ್ಷ ಲೆಕ್ಕದಲ್ಲಿ ಏನು ಕಲಿತ್ವಿ, ಬೇರೆ ಪಾಠದಲ್ಲಿ ಏನಿತ್ತು ಒಂದೂ ತಲೇಲಿ ಉಳಿದಿಲ್ಲ, ಆದ್ರೆ ಕೋತಿ ಮೊಸಳೆ ಕಥೆ ಆಡಿದಾಗ ಯಾರು ಎಲ್ಲಿ ನಿಂತಿದ್ರು ಅಂತ ಇವತ್ತಿಗೂ ಹೇಳ್ತೀನಿ.

ಮಿಸ್ ಕಥೆಯನ್ನ ಒಂದೇ ಉಸಿರಿಗೆ ಮುಗಿಸ್ತಿರಲಿಲ್ಲ. ಕೋತಿ ಮೊಸಳೆ ಬೆನ್ನೇರಿ ನದಿ ಮಧ್ಯಕ್ಕೆ ಬಂತು, ಮೊಸಳೆ ಗುಟ್ಟು ಹೇಳ್ತು, ಅಲ್ಲಿಗೆ ಸ್ಟಾಪ್. ಮಧ್ಯದಲ್ಲಿ ಒಂದು ಕುರ್ಚಿ ಹಾಕಿ ಒಬ್ಬ ಹುಡುಗನಿಗೆ ತಮ್ಮ ಹಸಿರು ಶಾಲು ಹೊದಿಸಿ ಕೂರಿಸೋರು, ಈಗ ಅವನೇ ಮೊಸಳೆ, ಏನು ಬೇಕಾದ್ರೂ ಕೇಳಿ ಅನ್ನೋರು. ದಿನಾ ಹಣ್ಣು ಕೊಟ್ಟ ಫ್ರೆಂಡನ್ನ ಕೊಲ್ಲೋಕೆ ಹೊರಟ್ಯಲ್ಲ ಅಂತ ಒಬ್ಬಳು ಜಗಳಕ್ಕೇ ನಿಂತಳು. ಹೆಂಡ್ತಿ ಊಟ ಬಿಟ್ಟು ಮಲಗಿದ್ಲು, ನಾನೇನು ಮಾಡ್ಲಿ ಅಂದ ಅವನು. ಸರಿ, ಕೊಲ್ಲೋದೇ ಆಗಿದ್ರೆ ನದಿ ಮಧ್ಯದಲ್ಲಿ ಯಾಕೆ ಹೇಳ್ಬಿಟ್ಟೆ, ಸುಮ್ನೆ ಇರಬಹುದಿತ್ತಲ್ಲ? ಅವನು ಶಾಲಿನ ಅಂಚು ತಿರುಚ್ತಾ ತುಂಬಾ ಹೊತ್ತು ಕೂತಿದ್ದ, ಮಿಸ್ ಅವಸರ ಮಾಡಲಿಲ್ಲ, ಉತ್ತರಾನೂ ಹೇಳಿಕೊಡಲಿಲ್ಲ. ಕೊನೆಗೆ ಅವನಂದ, "ಮೊದ್ಲೇ ಹೇಳಿದ್ರೆ ಅದು ಬರ್ತಿರ್ಲಿಲ್ಲ, ಹೇಳ್ದೇನೇ ಇದ್ರೆ ನಂಗೆ ಹೊಟ್ಟೇಲಿ ಒಂಥರಾ ಆಗ್ತಿತ್ತು." ಆ ಕಥೇಲಿ ಮೊಸಳೆ ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೆ ಕಾರಣ ನಾನು ಎಲ್ಲೂ ಓದಿಲ್ಲ.

ಶಾಲು ತೆಗೆದ ತಕ್ಷಣ ಅವನನ್ನ ಅವನ ಸ್ವಂತ ಹೆಸರಿಂದ ಕರೆದು ಕೂರಿಸೋರು, ಆಮೇಲೆ ಶಾಲು ಇನ್ನೊಬ್ಬರ ಹೆಗಲಿಗೆ. ಕೆಟ್ಟ ಪಾತ್ರ ಒಬ್ಬನಿಗೇ ಅಂಟಿಕೊಂಡ್ರೆ ಆಟದ ಬಯಲಲ್ಲೂ ಅವನು ಮೊಸಳೆನೇ ಆಗ್ಬಿಡ್ತಾನೆ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಯೇ ಬಿಡದ ಒಬ್ಬ ಹುಡುಗಿಯನ್ನ ಮರ ಮಾಡಿದ್ರು. ಎಲ್ಲಾ ಕಡೆ ಮರ ಅಂದ್ರೆ ಕೈ ಚಾಚಿ ನಿಲ್ಲೋ ಕೆಲಸ, ಇಲ್ಲಿ ಮಿಸ್ ಮರದ ಹತ್ರಾನೇ ಹೋಗಿ, ನೀನು ಮೇಲಿಂದ ಎಲ್ಲಾ ನೋಡಿದ್ಯಲ್ಲಮ್ಮ, ಏನಾಯ್ತು ಹೇಳು ಅಂದ್ರು. ಕೋತಿ ಒಂದೇ ಇರ್ತಿತ್ತು ಮಿಸ್, ಅದಕ್ಕೆ ಜೊತೆ ಬೇಕಿತ್ತು ಅಂದಳು. ಅವಳ ದನಿ ನಾವು ಮೊದಲು ಕೇಳಿದ್ದು ಅವತ್ತೇ.

ನಮ್ಮ ತುಂಟತನದ ಕಥೆ ಬರೀದೇ ಇದ್ರೆ ಗ್ರೂಪಿನವರು ನನ್ನ ಬಿಡಲ್ಲ. ನೆಲದ ಮೇಲೆ ನೀಲಿ ಚಾಕಲ್ಲಿ ನದಿ ಬರೀತಿದ್ವಿ, ಒಂದಿನ ಮಿಸ್ ಬರೋ ಮುಂಚೆ ನಾವು ನಾಲ್ಕು ಜನ ಸೇರಿ (ಐಡಿಯಾ ನಂದೇ) ನದಿಯನ್ನ ಬಾಗಿಲು ದಾಟಿಸಿ ಕಾರಿಡಾರ್ ಪೂರ್ತಿ ಎಳೆದು ಹೆಡ್‌ಮಾಸ್ಟರ್ ರೂಮಿನ ಹೊಸ್ತಿಲಿಗೆ ಮುಟ್ಟಿಸಿದ್ವಿ. ಅವರ ಬೆತ್ತ ಅಂದ್ರೆ ಇಡೀ ಸ್ಕೂಲೇ ನಡುಗ್ತಿತ್ತು. ಅವರು ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟಿದ್ದೇ ತಡ ನಮ್ಮಲ್ಲೊಬ್ಬ, ಸಾರ್ ನೀರಲ್ಲಿ ನಿಂತಿದ್ದೀರ ಅಂತ ಕೂಗಿಬಿಟ್ಟ. ನಮ್ಮ ಕಥೆ ಮುಗೀತು ಅಂದ್ಕೊಂಡ್ವಿ. ಅಷ್ಟರಲ್ಲಿ ಮಿಸ್ ಶಾಲು ಹೊದ್ದುಕೊಂಡು ಬಂದು, ಮೊಸಳೆ ಹೆಂಡತಿ ದನೀಲೇ, ಇವತ್ತು ಪ್ರವಾಹ ಜಾಸ್ತಿ ಇದೆ, ದಡಕ್ಕೆ ಬನ್ನಿ ಅಂದ್ರು. ಹೆಡ್‌ಮಾಸ್ಟರ್ ಕೆಳಗೆ ನೋಡಿದ್ರು, ಪ್ಯಾಂಟನ್ನ ಸ್ವಲ್ಪ ಮೇಲೆತ್ತಿಕೊಂಡು ನಿಧಾನಕ್ಕೆ ನದಿ ದಾಟಿ ನಮ್ಮ ಕ್ಲಾಸಿಗೇ ಬಂದು ಬೆಲ್ ಹೊಡೆಯೋ ತನಕ ಕೂತಿದ್ರು. ಸಂಜೆ ಇಡೀ ಕಾರಿಡಾರ್ ಒರೆಸಿದ್ದು ನಾವೇ.

ಐದನೇ ಕ್ಲಾಸಲ್ಲಿ ಕನ್ನಡ ಮೇಷ್ಟ್ರು ಒಂದು ಪಾತ್ರದ ಸ್ವಭಾವ ಬರೀರಿ ಅಂದಾಗ ನಾನು ಒಂದು ಪುಟ ತುಂಬಾ ಬರೆದಿದ್ದೆ, ಅವರು ಅದನ್ನ ಇಡೀ ಕ್ಲಾಸಿಗೆ ಓದಿ ಹೇಳಿದ್ರು. ಅದರ ಕ್ರೆಡಿಟ್ ಆ ಕುರ್ಚಿಗೇ ಸೇರಬೇಕು. ಈಗ ನಾನು ಟೀಚರ್‌ಗಳಿಗೆ ಟ್ರೈನಿಂಗ್ ಕೊಡ್ತೀನಿ. ಪಾತ್ರವನ್ನ ಕುರ್ಚಿಲಿ ಕೂರಿಸಿ ಪ್ರಶ್ನೆ ಕೇಳೋದಕ್ಕೆ ಹಾಟ್ ಸೀಟಿಂಗ್ ಅಂತಾರೆ, ಟೀಚರೇ ಪಾತ್ರ ಆಗಿ ಮಕ್ಕಳ ಜೊತೆ ಆಟದೊಳಗೆ ಇಳಿಯೋದನ್ನ ಇಂಗ್ಲೆಂಡಿನ ನಾಟಕ ಶಿಕ್ಷಕಿ ಡೊರೊಥಿ ಹೀತ್‌ಕೋಟ್ (1926–2011) ಜೀವನಪೂರ್ತಿ ಮಾಡಿ ತೋರಿಸಿದ್ರು. ನಮ್ಮ ಮಿಸ್ ಇದನ್ನೆಲ್ಲ ಓದಿದ್ರೋ ಇಲ್ವೋ, ಕೇಳೋಕೆ ಈಗ ಅವರಿಲ್ಲ.

ಇವತ್ತಿನ ಸ್ಕೂಲುಗಳಲ್ಲಿ ಡ್ರಾಮಾ ಇಲ್ಲ ಅಂತ ಹೇಳಲ್ಲ, ಇದೆ, ಆ್ಯನುವಲ್ ಡೇಗೆ. ಬಾಡಿಗೆ ಡ್ರೆಸ್, ಮೊದಲೇ ರೆಕಾರ್ಡ್ ಮಾಡಿದ ಡೈಲಾಗ್, ಮಗು ಬಾಯಿ ಆಡಿಸಿದ್ರೆ ಸಾಕು, ಮುಂದೆ ಸಾಲಾಗಿ ಮೊಬೈಲ್‌ಗಳು. ಸಿಂಹದ ಬಾಲ ನೆಟ್ಟಗಿದೆಯಾ ಅಂತ ನೋಡೋರೇ ಎಲ್ಲ, ಸಿಂಹಕ್ಕೆ ಯಾಕೆ ಕೋಪ ಬಂತು ಅಂತ ಆ ಮಗೂನ ಯಾರೂ ಕೇಳಲ್ಲ. ಚಿಕ್ಕ ಮಕ್ಕಳ ನಾಟಕ ಪ್ರೇಕ್ಷಕರಿಗೋಸ್ಕರ ಅಲ್ಲ, ಅವರನ್ನ ಬೇಗ ಸ್ಟೇಜಿಗೆ ಹತ್ತಿಸಿದ್ರೆ ಆಟ ಹೋಗಿ ಬರೀ ತೋರಿಕೆ ಉಳಿಯುತ್ತೆ ಅಂತ ಮಕ್ಕಳ ನಾಟಕದ ಬಗ್ಗೆ ಕೆಲಸ ಮಾಡಿದ ಇಂಗ್ಲೆಂಡಿನ ಪೀಟರ್ ಸ್ಲೇಡ್ 1950ರ ದಶಕದಲ್ಲೇ ವಾದ ಮಾಡಿದ್ರು.

ಅದಕ್ಕೇ ಈ ಮ್ಯಾಗಜಿನ್ ಮೂಲಕ ನಮ್ಮ ಶಾಲೆಯವರನ್ನ ಕೇಳ್ಕೋತಿದ್ದೀನಿ. ಒಂದರಿಂದ ಮೂರನೇ ಕ್ಲಾಸಿನ ತನಕ ವಾರಕ್ಕೊಂದು ಕಥೆ ಪೀರಿಯಡ್ ಕೊಡಿ, ಸ್ಟೇಜು ಮಾರ್ಕ್ಸು ಕ್ಯಾಮೆರಾ ಯಾವುದೂ ಬೇಡ. ಕುರ್ಚಿ ಕ್ಲಾಸಲ್ಲೇ ಇದೆ, ಶಾಲು ನಾನು ತರ್ತೀನಿ, ಹೊಸ ಟೀಚರ್‌ಗಳ ಜೊತೆ ಕೂತು ಶುರು ಮಾಡೋಕೆ ಯಾವ ಶನಿವಾರ ಕರೆದ್ರೂ ಬರ್ತೀನಿ.