ಊದುಬತ್ತಿಯ ಹೊಗೆ ಹೋದ ದಿಕ್ಕು

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲಿಗೂ ಸುಗ್ಗಿ, ಮದುವೆಗೂ ಸುಗ್ಗಿ. ನಾನು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವನು. ಸ್ಟುಡಿಯೋದವರು ಮೆಮೊರಿ ಕಾರ್ಡುಗಳನ್ನು ತಂದು ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಅರಿಶಿನದ ಶಾಸ್ತ್ರದಿಂದ ಹಿಡಿದು ಹೆಣ್ಣೊಪ್ಪಿಸುವವರೆಗಿನ ಎರಡು ದಿನಗಳನ್ನು ಎರಡು ಗಂಟೆಗೆ ಇಳಿಸಿ ಕೊಡುವುದು ನನ್ನ ಕೆಲಸ. ಕೂತು ಕತ್ತರಿಸಿ ಜೋಡಿಸುವುದು ನನ್ನ ಪಾಲಿನದು. ಕೊನೆಗೆ ಇಡೀ ವಿಡಿಯೋವನ್ನು ರೆಂಡರ್ ಮಾಡುವುದು, ಅಂದರೆ ಜೋಡಿಸಿದ್ದನ್ನೆಲ್ಲ ಒಂದೇ ಫೈಲಾಗಿ ಬೆಸೆದು ಕೊಡುವುದು, ಕಂಪ್ಯೂಟರಿನ ಪಾಲಿನದು. ಆ ಹೊತ್ತಿನಲ್ಲಿ ಅದು ಎತ್ತಿನಂತೆ ದುಡಿಯುತ್ತದೆ.

ಕಳೆದ ವರ್ಷದ ಆ ವಾರ ಎತ್ತು ಏದುಸಿರು ಬಿಡತೊಡಗಿತು. ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ರೆಂಡರ್ ಎರಡು ಗಂಟೆ ದಾಟಿದರೂ ಮುಗಿಯಲಿಲ್ಲ. ಫ್ಯಾನುಗಳೆಲ್ಲ ಪೂರ್ಣ ವೇಗದಲ್ಲಿ ಕೂಗುತ್ತಿದ್ದವು. ತಾಪಮಾನ ತೋರಿಸುವ ಕಿಟಕಿಯನ್ನು ಪರದೆಯ ಮೂಲೆಯಲ್ಲಿ ತೆರೆದಿಟ್ಟೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ 90 ಡಿಗ್ರಿಗೆ ಹೋಗಿ ಅಲ್ಲಿಯೇ ನಿಂತಿತ್ತು. ನನ್ನದು ಆರು ಕೋರಿನ ರೈಜನ್ 5 5600. ಅದರ ಮಿತಿಯೇ 90 ಡಿಗ್ರಿ. ಮಿತಿ ಮುಟ್ಟಿದೊಡನೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ. 4.3 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದದ್ದು 3.7ರ ಆಸುಪಾಸಿನಲ್ಲಿ ತೆವಳುತ್ತಿತ್ತು. ಕೋಣೆಯಲ್ಲಿ 39 ಡಿಗ್ರಿ ಇತ್ತು, ನಿಜ. ಆದರೆ ಅದರ ಹಿಂದಿನ ವರ್ಷವೂ ಅಷ್ಟೇ ಬಿಸಿಲಿತ್ತು, ಇದೇ ಕಂಪ್ಯೂಟರ್ ಇತ್ತು, ಹೀಗಾಗಿರಲಿಲ್ಲ.

ಬದಲಾದದ್ದು ಒಂದೇ. ವಾರದ ಹಿಂದೆ ಕಂಪ್ಯೂಟರಿನ ಪೆಟ್ಟಿಗೆಯ, ಅಂದರೆ ಕ್ಯಾಬಿನೆಟ್ಟಿನ, ಹಿಂಭಾಗದ ಫ್ಯಾನಿನ ಬೇರಿಂಗ್ ಸವೆದು ಕರಕರ ಎನ್ನುತ್ತಿತ್ತು. ಹೊಸದನ್ನು ತಂದು ನಾನೇ ಹಾಕಿದ್ದೆ. ಹಾಕುವಾಗಿನ ಗಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. 120 ಮಿಲಿಮೀಟರ್ ಚೌಕದ ಕಪ್ಪು ಫ್ಯಾನು. ಅದರ ಒಂದು ಮುಖ ಬಯಲು, ರೆಕ್ಕೆಗಳು ನೇರವಾಗಿ ಕಾಣುತ್ತವೆ. ಇನ್ನೊಂದು ಮುಖದಲ್ಲಿ ಮೋಟಾರನ್ನು ಚೌಕಟ್ಟಿಗೆ ಹಿಡಿದಿಟ್ಟ ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳು. ವೈರು ಹೊರಡುವುದು ಆ ಕಡ್ಡಿಯೊಂದರ ಗುಂಟ. ವೈರು ಒಳಗಿದ್ದರೆ ಮದರ್‌ಬೋರ್ಡಿಗೆ ಸುಲಭವಾಗಿ ಮುಟ್ಟುತ್ತದೆ ಎಂದು ಕಡ್ಡಿಗಳ ಮುಖವನ್ನು ಒಳಗೆ ಮಾಡಿ ನಾಲ್ಕು ತಿರುಪು ಬಿಗಿದೆ. ಹಿಂದೆ ಕೈಯಿಟ್ಟು ನೋಡಿದಾಗ ಬಿಸಿ ಏನೂ ತಾಕಲಿಲ್ಲ. ಒಳಗೆಲ್ಲ ತಂಪಾಗಿದೆ ಎಂದು ಸಮಾಧಾನಪಟ್ಟುಕೊಂಡೆ.

ಆದ್ದರಿಂದ ನನ್ನ ಸಂಶಯ ಮೊದಲು ಹೋದದ್ದು ಫ್ಯಾನಿನ ಮೇಲಲ್ಲ, ಥರ್ಮಲ್ ಪೇಸ್ಟ್ ಮೇಲೆ. ಪ್ರೊಸೆಸರಿಗೂ ಅದರ ಕಾವನ್ನು ಹೀರಿಕೊಳ್ಳುವ ಮೇಲಿನ ಲೋಹದ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಬೂದು ಬಣ್ಣದ ಆ ಲೇಪ ಒಣಗಿರಬಹುದೆಂದು ಬಿಚ್ಚಿ, ಸ್ಪಿರಿಟ್‌ನಿಂದ ಒರೆಸಿ, ಹೊಸದು ಹಚ್ಚಿದೆ. ಅರ್ಧ ದಿನ ಹೋಯಿತು. ರೆಂಡರ್ ಶುರುಮಾಡಿದರೆ ಮತ್ತೆ ಅದೇ 90. ಅಲ್ಲಿಗೆ ತಲುಪಲು ಐದು ನಿಮಿಷ ಹೆಚ್ಚು ತೆಗೆದುಕೊಂಡಿತು, ಅಷ್ಟೆ. ನಾಳಿದ್ದು ಕೊಡಬೇಕಾದ ಮದುವೆಗಳು ಎರಡಿದ್ದವು. ಒಂದರಲ್ಲಿ ಹುಡುಗಿಯ ಮದುವೆ ಮುಗಿದ ನಾಲ್ಕನೆಯ ದಿನ ಅವಳ ಅಜ್ಜಿ ತೀರಿಕೊಂಡಿದ್ದರು; ಅವರು ಮೊಮ್ಮಗಳಿಗೆ ಅಕ್ಷತೆ ಹಾಕುವ ದೃಶ್ಯವನ್ನು ಬೇಗ ನೋಡಬೇಕೆಂದು ಮನೆಯವರು ಎರಡು ಸಲ ಫೋನ್ ಮಾಡಿದ್ದರು. ಆ ಕೆಲಸವನ್ನು ತಡಮಾಡಲು ನನಗೆ ಮನಸ್ಸಿರಲಿಲ್ಲ.

ಬೇರೆ ದಾರಿ ತೋಚದೆ ಕ್ಯಾಬಿನೆಟ್ಟಿನ ಪಕ್ಕದ ಗಾಜಿನ ಬಾಗಿಲನ್ನೇ ತೆಗೆದಿಟ್ಟೆ. ನೋಡನೋಡುತ್ತಲೇ ತಾಪ ಇಳಿಯಿತು. 90, 87, 84. ಹತ್ತು ನಿಮಿಷದಲ್ಲಿ 82ಕ್ಕೆ ಬಂದು ನಿಂತಿತು. ಅಂದರೆ ಪೇಸ್ಟ್ ಸರಿಯಿದೆ, ಹೀಟ್‌ಸಿಂಕ್ ಸರಿಯಾಗಿ ಕೂತಿದೆ. ಬಾಗಿಲು ಮುಚ್ಚಿದಾಗ ಮಾತ್ರ ಬೇಯುತ್ತದೆ ಎಂದಾದರೆ ದೋಷ ಗಾಳಿಯ ಓಡಾಟದಲ್ಲಿರಬೇಕು. ತಾಪ ಏರುವ ಕಂಪ್ಯೂಟರಿಗೆ ಮೊದಲು ಮಾಡಬೇಕಾದ ಪರೀಕ್ಷೆ ಇದೇ ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ. ಖರ್ಚಿಲ್ಲ, ಹತ್ತು ನಿಮಿಷ ಸಾಕು. ಆದರೆ ಬಾಗಿಲು ತೆಗೆದೇ ಇಡುವಂತಿರಲಿಲ್ಲ. ನಮ್ಮ ಓಣಿಯ ಹಿಂದೆ ದಾಲ್ ಮಿಲ್ ಇದೆ. ತೊಗರಿಯ ಹೊಟ್ಟಿನ ನಸುಗೆಂಪು ದೂಳು ಸಂಜೆಯೊಳಗೆ ಮೇಜಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಕೂತಿರುತ್ತದೆ.

ಗಾಳಿ ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲವಲ್ಲ. ಬಾಗಿಲು ಹಾಕಿ ನೆಲದ ಮೇಲೆ ಕೂತು ಬೆರಳು ಒದ್ದೆಮಾಡಿ ಸಂದುಗಳಿಗೆ ಹಿಡಿದು ನೋಡುತ್ತಿದ್ದೆ. ದೀಪ ಹಚ್ಚುವ ಹೊತ್ತು. ಅವ್ವ ದೇವರ ಮುಂದೆ ಊದುಬತ್ತಿ ಬೆಳಗಿ, ದಿನದಂತೆ ಕೋಣೆಕೋಣೆಗೂ ತೋರಿಸುತ್ತಾ ನನ್ನ ಕೋಣೆಗೆ ಬಂದಳು. ಅವಳು ಕ್ಯಾಬಿನೆಟ್ಟಿನ ಹಿಂದೆ ಹಾದುಹೋಗುವಾಗ ಹೊಗೆಯ ಎಳೆ ಒಮ್ಮೆಲೇ ಅಡ್ಡಲಾಗಿ ಬಾಗಿತು. ಬಾಗಿ ಹಿಂದಿನ ಜಾಲರಿಯೊಳಗೆ ಹೋಯಿತು.

"ಅವ್ವಾ, ಒಂದು ನಿಮಿಷ ಅಲ್ಲಿಯೇ ಹಿಡಿ" ಎಂದೆ.

ಅವಳು ಹಿಡಿದಳು. ಹೊರಗೆ ಬರಬೇಕಾದ ಜಾಗದಲ್ಲಿ ಹೊಗೆ ಒಳಗೆ ಹೋಗುತ್ತಿತ್ತು. ಊದುಬತ್ತಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮುಂಭಾಗಕ್ಕೆ ತಂದೆ. ಅಲ್ಲಿನ ಎರಡು ಫ್ಯಾನುಗಳೂ ಹೊಗೆಯನ್ನು ಒಳಗೆ ಎಳೆದವು. ಅದು ಸರಿಯೇ. ಮೇಲಿನ ಜಾಲರಿಯ ಮೇಲೆ ಹಾರ್ಡ್‌ಡಿಸ್ಕ್‌ಗಳ ಡಬ್ಬಿ ಇತ್ತು, ಅದರಡಿ ದೂಳು ಬೀಳದಿರಲೆಂದು ಹಾಸಿದ ಬಟ್ಟೆ. ಅಲ್ಲಿ ಹೊಗೆ ನೆಟ್ಟಗೆ ನಿಂತಿತು, ಗಾಳಿಯೇ ಆಡುತ್ತಿರಲಿಲ್ಲ. ಕೊನೆಗೆ ಹಿಂಬದಿಯಲ್ಲಿ, ಪರದೆಯ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಕೆಳಗಿನ ತಗಡಿನ ಪಟ್ಟಿಗಳ ಸಂದಿಗೆ ಹಿಡಿದಾಗ ಹೊಗೆ ಹಿಮ್ಮೆಟ್ಟಿತು, ಬೆರಳಿಗೆ ಬಿಸಿ ಉಸಿರು ತಾಕಿತು. ಮೂರು ಫ್ಯಾನುಗಳು ಒಳಗೆ ತುಂಬಿದ ಗಾಳಿಯೆಲ್ಲ ಆ ಉಗುರಗಲದ ಸಂದುಗಳಲ್ಲಿ ನುಸುಳಿ ಹೊರಬರಬೇಕಿತ್ತು.

ಅವ್ವ ಹತ್ತಿರ ಬಂದು ಬಗ್ಗಿ ನೋಡಿದಳು. ಏನಾಗಿದೆ ಎಂದು ಹೇಳಿದೆ. ಅವಳ ಅರ್ಧ ಬದುಕು ಹೊಲ, ಕಣಗಳಲ್ಲಿ ಕಳೆದದ್ದು. "ಗಾಳಿ ಎರಡೂ ಕಡೆಯಿಂದ ಬೀಸಿದ ದಿನ ರಾಶಿ ತೂರುವುದಕ್ಕಾಗುವುದಿಲ್ಲ ತಮ್ಮಾ. ಹೊಟ್ಟು ಅಲ್ಲಿಯೇ ಸುತ್ತುತ್ತದೆ, ಅಲ್ಲಿಯೇ ಬೀಳುತ್ತದೆ" ಎಂದಳು.

ನನ್ನ ಕ್ಯಾಬಿನೆಟ್ಟಿನಲ್ಲಿ ಆಗುತ್ತಿದ್ದದ್ದು ಅಕ್ಷರಶಃ ಅದೇ. ಪ್ರೊಸೆಸರಿನ ಮೇಲೆ ಗೋಪುರದಂಥ ಹೀಟ್‌ಸಿಂಕ್ ಇದೆ. ಅದರ ಫ್ಯಾನು ಮುಂದಿನಿಂದ ಬಂದ ಗಾಳಿಯನ್ನು ಅಲ್ಯೂಮಿನಿಯಂ ಪದರಗಳ ನಡುವೆ ತಳ್ಳಿ ಹಿಂದಕ್ಕೆ ಬಿಡುತ್ತದೆ. ಆ ಬಿಸಿ ಗಾಳಿಯನ್ನು ಕೈಯೊಡ್ಡಿ ಹೊರಗೆ ಸಾಗಿಸುವುದಕ್ಕೆಂದೇ ಹಿಂಭಾಗದ ಫ್ಯಾನು ಇರುವುದು, ಎರಡರ ನಡುವೆ ಒಂದು ಗೇಣೂ ಅಂತರವಿಲ್ಲ. ನಾನು ತಿರುಗಿಸಿ ಹಾಕಿದ್ದರಿಂದ ಎರಡೂ ಎದುರುಬದುರು ನಿಂತು ಊದುತ್ತಿದ್ದವು. ಬಿಸಿ ಗಾಳಿ ಮೇಲಕ್ಕೆ ಚಿಮ್ಮಿ, ಬಟ್ಟೆ ಮುಚ್ಚಿದ ಜಾಲರಿಗೆ ತಾಕಿ, ಸುತ್ತಿಕೊಂಡು ಮತ್ತೆ ಹೀಟ್‌ಸಿಂಕಿನ ಬಾಯಿಗೇ ಬರುತ್ತಿತ್ತು. ಇದರ ಜೊತೆಗೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಕೆಳಗಿನಿಂದ ಗಾಳಿ ಎಳೆದು ತನ್ನ 170 ವಾಟಿನ ಕಾವನ್ನು ಅದೇ ಜಾಗಕ್ಕೆ ಬಿಡುತ್ತಿತ್ತು.

ಗಾಳಿ ಎಷ್ಟು ಬೇಕು ಎಂಬುದನ್ನು ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಪ್ರೊಸೆಸರ್ ಡಬ್ಬಿಯ ಮೇಲೆ 65 ವಾಟ್ ಎಂದಿದ್ದರೂ ಪೂರ್ಣ ದುಡಿಮೆಯಲ್ಲಿ 76ರವರೆಗೆ ಹೋಗುತ್ತದೆ. ಕಾರ್ಡಿನದು ಮತ್ತು ಉಳಿದದ್ದು ಸೇರಿ ಒಳಗೆ ಹುಟ್ಟುವ ಕಾವು ಸುಮಾರು 300 ವಾಟ್, ಹಳೆಯ ಕಾಲದ ನೂರರ ಬಲ್ಬು ಮೂರನ್ನು ಪೆಟ್ಟಿಗೆಯೊಳಗೆ ಉರಿಸಿದಂತೆ. ಒಳಗಿನ ಗಾಳಿ ಹೊರಗಿನದಕ್ಕಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂದರೆ ಸೆಕೆಂಡಿಗೆ ಸುಮಾರು 26 ಲೀಟರ್ ಗಾಳಿ ಹಾದುಹೋಗಬೇಕು. ಪ್ರತಿ ಸೆಕೆಂಡಿಗೆ ಎರಡು ಕೊಡ ಗಾಳಿ ಬರಬೇಕು, ಎರಡು ಕೊಡ ಹೋಗಬೇಕು. ಒಳ್ಳೆಯ ಒಂದು 120 ಮಿಲಿಮೀಟರ್ ಫ್ಯಾನು ತೆರೆದ ಜಾಗದಲ್ಲಿ ಅಷ್ಟನ್ನು ತಳ್ಳಬಲ್ಲದು. ಆದರೆ ಜಾಲರಿ, ದೂಳಿನ ಫಿಲ್ಟರ್, ಅಡ್ಡ ಬರುವ ವೈರುಗಳ ಮುಂದೆ ಅದರ ಬಲ ಬಹಳ ಕುಂದುತ್ತದೆ. ಎದುರಿಗೆ ಇನ್ನೊಂದು ಫ್ಯಾನು ನಿಂತರಂತೂ ಕೇಳುವುದೇ ಬೇಡ.

ತಿರುಗಿಸಿ ಹಾಕಲು ಹತ್ತು ನಿಮಿಷ ಸಾಕಾಯಿತು. ಸಾಮಾನ್ಯವಾಗಿ ಈ ಫ್ಯಾನುಗಳು ಬಯಲು ಮುಖದಿಂದ ಗಾಳಿಯನ್ನು ಎಳೆದು ಕಡ್ಡಿಗಳಿರುವ ಮುಖದಿಂದ ಬಿಡುತ್ತವೆ. ಕೆಲವು ಫ್ಯಾನುಗಳ ಚೌಕಟ್ಟಿನ ಅಂಚಿನಲ್ಲಿ ಎರಡು ಪುಟ್ಟ ಬಾಣಗಳನ್ನೂ ಅಚ್ಚೊತ್ತಿರುತ್ತಾರೆ. ಒಂದು ರೆಕ್ಕೆ ತಿರುಗುವ ದಿಕ್ಕು, ಇನ್ನೊಂದು ಗಾಳಿ ಹೋಗುವ ದಿಕ್ಕು. ಟಾರ್ಚ್ ಹಿಡಿದು ನೋಡಿದರೆ ನನ್ನದರಲ್ಲಿಯೂ ಇದ್ದವು. ಕಪ್ಪಿನ ಮೇಲೆ ಕಪ್ಪು, ಉಗುರಿನಿಂದ ಸವರಿದರೆ ಮಾತ್ರ ಗೊತ್ತಾಗುವಷ್ಟು. ವೈರನ್ನು ಚೌಕಟ್ಟಿನ ಮೂಲೆಯ ಕಚ್ಚಿನಲ್ಲಿ ಕೂರಿಸಿ ಒಳಗೆ ತಂದರೆ ಆರಾಮವಾಗಿ ಮುಟ್ಟಿತು.

ಫೋನಿನಲ್ಲಿ ಇದನ್ನೆಲ್ಲ ಕೇಳಿದ ಸ್ಟುಡಿಯೋದ ಹುಡುಗ, "ಬಿಚ್ಚುವುದು ಯಾಕಣ್ಣಾ, ವೈರನ್ನು ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತಿರಲಿಲ್ಲವೇ?" ಎಂದ. ಹಾಗೆ ಎಂದೂ ಮಾಡಬಾರದು. ಇವುಗಳ ಮೋಟಾರಿನಲ್ಲಿ ಬ್ರಷ್ ಇರುವುದಿಲ್ಲ. ಯಾವ ಸುರುಳಿಗೆ ಯಾವಾಗ ವಿದ್ಯುತ್ ಹೋಗಬೇಕೆಂದು ಒಳಗಿನ ಪುಟ್ಟ ಚಿಪ್ ನಿರ್ಧರಿಸುತ್ತದೆ. ವೈರು ಬದಲಿಸಿದರೆ ಫ್ಯಾನು ಹಿಂದಕ್ಕೆ ತಿರುಗುವುದಿಲ್ಲ, ನಿಂತುಹೋಗುತ್ತದೆ, ಸುಟ್ಟರೂ ಸುಟ್ಟೀತು.

ಮರುದಿನ ಮಧ್ಯಾಹ್ನ ಕೋಣೆಯಲ್ಲಿ ಮತ್ತೆ 39 ಡಿಗ್ರಿ. ಮೇಲಿನ ಡಬ್ಬಿ, ಬಟ್ಟೆ ತೆಗೆದು, ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆದು, ಬಾಗಿಲು ಹಾಕಿ ರೆಂಡರ್ ಶುರುಮಾಡಿದೆ. ಪ್ರೊಸೆಸರ್ 82ರಲ್ಲಿ ನಿಂತಿತು, ವೇಗ 4.3ರಿಂದ ಅಲುಗಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೂಡ 79ರಿಂದ 74ಕ್ಕೆ ಇಳಿಯಿತು. ಹಿಂದೆ ಕೈಯಿಟ್ಟೆ. ಒಲೆಯ ಬಾಯಿಂದ ಬಂದಂಥ ಬಿಸಿ ಗಾಳಿ ಅಂಗೈಗೆ ಬಡಿಯಿತು. ಎಷ್ಟು ಹಿತವೆನಿಸಿತೆಂದರೆ ಬಹಳ ಹೊತ್ತು ಕೈ ತೆಗೆಯಲಿಲ್ಲ. ಅಜ್ಜಿಯ ಅಕ್ಷತೆಯ ವಿಡಿಯೋ ಅಂದೇ ಸಂಜೆ ಅವರ ಮನೆ ಸೇರಿತು.

ಅಲ್ಲಿಗೆ ಬಿಡಬಹುದಿತ್ತು, ಕುತೂಹಲ ಬಿಡಲಿಲ್ಲ. ಇನ್ನೊಂದು ಫ್ಯಾನು ತಂದು ಮೇಲ್ಗಡೆ, ಮುಂಭಾಗಕ್ಕೆ ಹತ್ತಿರವಾಗಿ, ಗಾಳಿಯನ್ನು ಹೊರಹಾಕುವಂತೆ ಕೂರಿಸಿದೆ. ಬಿಸಿ ಗಾಳಿ ಮೇಲೇರುತ್ತದೆ, ಮೇಲೆ ದಾರಿ ಕೊಟ್ಟರೆ ಒಳ್ಳೆಯದು ಎಂಬ ಎಣಿಕೆ. ಪ್ರೊಸೆಸರ್ 83 ತೋರಿಸಿತು, ಮೊದಲಿಗಿಂತ ಒಂದು ಹೆಚ್ಚು. ಮತ್ತೆ ಊದುಬತ್ತಿ ಹಿಡಿದು ನೋಡಿದರೆ, ಮುಂದಿನಿಂದ ಆಗತಾನೆ ಒಳಬಂದ ತಂಪು ಗಾಳಿ ಹೀಟ್‌ಸಿಂಕನ್ನು ಮುಟ್ಟುವ ಮೊದಲೇ ಮೇಲೇರಿ ಹೊರಟುಹೋಗುತ್ತಿತ್ತು. ಅದೇ ಫ್ಯಾನನ್ನು ಹಿಂಭಾಗದ ಮೂಲೆಗೆ, ಹೀಟ್‌ಸಿಂಕಿನ ಆಚೆಗೆ ಸರಿಸಿದಾಗ 80ಕ್ಕೆ ಇಳಿಯಿತು. ಬಿಸಿ ಗಾಳಿ ಮೇಲೇರುವುದು ನಿಜವಾದರೂ ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಅದರ ಬಲ ಬಹಳ ಕಡಿಮೆ. ಫ್ಯಾನು ತಳ್ಳಿದ ಕಡೆಗೇ ಅದು ಹೋಗುತ್ತದೆ. ಈ ದಿಕ್ಕಿನ ಗೊಂದಲ ನನ್ನೊಬ್ಬನದೂ ಅಲ್ಲ. 1995ರಲ್ಲಿ ಇಂಟೆಲ್ ಕಂಪನಿ ಮದರ್‌ಬೋರ್ಡು, ಕ್ಯಾಬಿನೆಟ್ಟುಗಳಿಗೆ ಎಟಿಎಕ್ಸ್ ಎಂಬ ವಿನ್ಯಾಸವನ್ನು ತಂದಾಗ, ಪವರ್ ಸಪ್ಲೈನ ಫ್ಯಾನು ಹೊರಗಿನ ಗಾಳಿಯನ್ನು ಒಳಗೆ ಎಳೆದು ಪ್ರೊಸೆಸರಿನ ಮೇಲೆ ಊದಬೇಕೆಂಬ ಯೋಚನೆಯಿತ್ತು. ಪವರ್ ಸಪ್ಲೈನ ಕಾವನ್ನು ಹೊತ್ತು ಬಂದ ಗಾಳಿ ತಂಪು ಮಾಡುವುದೆಷ್ಟು? ಮುಂದೆ ಅದನ್ನು ಕೈಬಿಟ್ಟು, ಗಾಳಿ ಹೊರಗೆ ಹೋಗುವ ಕ್ರಮವೇ ನೆಲೆನಿಂತಿತು.

ಮೇಲಿನ ಫ್ಯಾನನ್ನು ಕೊನೆಗೆ ನಾನು ತೆಗೆದುಬಿಟ್ಟೆ. ಎರಡು ಡಿಗ್ರಿಯ ಲಾಭಕ್ಕಿಂತ ದೂಳಿನ ಚಿಂತೆ ದೊಡ್ಡದಾಗಿತ್ತು. ಹೊರಹಾಕುವ ಬಲ ಹೆಚ್ಚಾದರೆ ಪೆಟ್ಟಿಗೆ ಕೊರತೆಯ ಗಾಳಿಯನ್ನು ಸಿಕ್ಕ ಸಂದಿಯಿಂದೆಲ್ಲ ಹೀರುತ್ತದೆ, ಸಂದಿಗಳಿಗೆ ಫಿಲ್ಟರ್ ಇಲ್ಲ. ಒಳಬರುವುದು ತುಸು ಹೆಚ್ಚಿದ್ದರೆ ಗಾಳಿ ಬಹುಪಾಲು ಮುಂದಿನ ಫಿಲ್ಟರ್ ಮೂಲಕವೇ ಬರುತ್ತದೆ. ಹಿಂದಿನ ಫ್ಯಾನು ಉಲ್ಟಾ ಇದ್ದ ಒಂದೇ ವಾರದಲ್ಲಿ ಹೀಟ್‌ಸಿಂಕಿನ ಹಿಂಬದಿಯ ಪದರಗಳಿಗೆ ತೊಗರಿ ಹೊಟ್ಟಿನ ನಸುಗೆಂಪು ಗೆರೆ ಹಿಡಿದಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕಾಯಿತು. ಈಗ ಮುಂದಿನ ಎರಡು ಒಳಕ್ಕೆ, ಹಿಂದಿನ ಒಂದು ಹೊರಕ್ಕೆ, ಹಿಂದಿನದರ ವೇಗ ಒಂದಿಷ್ಟು ಕಡಿಮೆ.

ಊದುಬತ್ತಿಯನ್ನು ಈಗ ಬಳಸುವುದಿಲ್ಲ. ಬೂದಿ ಉದುರಿ ಒಳಗೆ ಹೋದೀತೆಂಬ ಭಯ. ತೆಳುವಾದ ಟಿಶ್ಯೂ ಕಾಗದವನ್ನು ಬೆರಳಗಲ ಹರಿದು, ತುದಿ ಹಿಡಿದು ಜಾಲರಿಯ ಮುಂದೆ ತೂಗಿಬಿಟ್ಟರೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ಮೊನ್ನೆ ಆ ಸ್ಟುಡಿಯೋದ ಹುಡುಗ ಹೊಸ ಕಂಪ್ಯೂಟರ್ ಜೋಡಿಸುವಾಗ ನನ್ನನ್ನು ಕರೆದಿದ್ದ. ಬಣ್ಣದ ದೀಪಗಳ ಫ್ಯಾನು ಕೈಯಲ್ಲಿ ಹಿಡಿದು, "ಕಡ್ಡಿ ಇರುವ ಕಡೆಗೆ ಗಾಳಿ ಅಲ್ಲವೇ ಅಣ್ಣಾ?" ಎಂದ. ಹೌದು ಎನ್ನಲು ಹೊರಟವನು ತಡೆದು ನೋಡಿದೆ. ರೆಕ್ಕೆಗಳ ಬಾಗು ಬೇರೆಯಿತ್ತು. ಅದು ಚೆಂದದ ಮುಖ ಗಾಜಿನ ಕಡೆಗೇ ಇರಲೆಂದು ಉಲ್ಟಾ ರೆಕ್ಕೆಯೊಡನೆ ಈಚೆಗೆ ಬರುತ್ತಿರುವ ಬಗೆಯ ಫ್ಯಾನು. ಗಾಳಿ ಕಡ್ಡಿಯ ಕಡೆಯಿಂದ ಬಯಲು ಮುಖಕ್ಕೆ ಬರುತ್ತದೆ. ತಿರುಪು ಬಿಗಿಯುವ ಮೊದಲು ವೈರು ಸಿಕ್ಕಿಸಿ ಓಡಿಸಿದೆವು. ಅವನು ಕಾಗದದ ಚೂರನ್ನು ಕಡ್ಡಿಗಳ ಮುಂದೆ ಹಿಡಿದ. ಅದು ಒಂದು ಕ್ಷಣ ನಡುಗಿ, ಕಡ್ಡಿಗಳಿಗೆ ಅಂಟಿಕೊಂಡಿತು.