ಗಿರ್ನಾರಿನ ರೋಪ್‌ವೇಯಲ್ಲಿ ಅಮ್ಮನೊಂದಿಗೆ

ನೇಮಿನಾಥ ತೀರ್ಥಂಕರರು ಮೋಕ್ಷ ಹೊಂದಿದ ಊರ್ಜಯಂತಗಿರಿಯನ್ನು ಕಣ್ಣಾರೆ ಕಾಣಬೇಕೆಂಬುದು ಅಮ್ಮನ ಬಹುಕಾಲದ ಆಸೆಯಾಗಿತ್ತು. ಆದರೆ ಗುಜರಾತಿನ ಆ ಗಿರ್ನಾರ್ ಬೆಟ್ಟಕ್ಕೆ ಹತ್ತು ಸಾವಿರದಷ್ಟು ಮೆಟ್ಟಿಲುಗಳಿವೆ ಎಂದು ಕೇಳಿದಾಗಲೆಲ್ಲ, ಮಂಡಿನೋವಿನ ಅವರು ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದರು. 2020ರ ಅಕ್ಟೋಬರ್ 24ರಂದು ಅಲ್ಲಿ ರೋಪ್‌ವೇ ಉದ್ಘಾಟನೆಯಾದ ಮೇಲೆ ಆಸೆ ಮತ್ತೆ ಚಿಗುರಿತು. ಕಳೆದ ಡಿಸೆಂಬರಿನಲ್ಲಿ ಇಬ್ಬರೂ ಜುನಾಗಢಕ್ಕೆ ಹೋದೆವು.

ಪೇಟೆಯಿಂದ ಬೆಟ್ಟದ ಬುಡದ ಭವನಾಥಕ್ಕೆ ಹೋಗುವ ದಾರಿಯಲ್ಲೇ ಅಶೋಕನ ಹದಿನಾಲ್ಕು ಶಾಸನಗಳನ್ನು ಕೆತ್ತಿದ ಬಂಡೆಯಿದೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಶಾಸನಗಳಲ್ಲಿಯೂ ಇವುಗಳಲ್ಲಿ ಎರಡು, ಅಂದರೆ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು, ಇವೆ. ಅದೇ ಬಂಡೆಯ ಮೇಲೆ ಕ್ರಿ.ಶ. 150ರ ಸುಮಾರಿನಲ್ಲಿ ಶಕ ದೊರೆ ರುದ್ರದಾಮನ್ ಬರೆಸಿದ ಸಂಸ್ಕೃತ ಶಾಸನವು, ಊರ್ಜಯತ್ ಬೆಟ್ಟದಿಂದಿಳಿದ ಹೊಳೆಗಳು ಬಿರುಮಳೆಗೆ ಉಕ್ಕಿ ಸುದರ್ಶನ ಕೆರೆಯ ಕಟ್ಟೆಯನ್ನು ಒಡೆದದ್ದನ್ನೂ, ಪ್ರಜೆಗಳ ಮೇಲೆ ಹೊಸ ತೆರಿಗೆ ಹೇರದೆ ಅದನ್ನು ಮತ್ತೆ ಕಟ್ಟಿಸಿದ್ದನ್ನೂ ಹೇಳುತ್ತದೆ. ರೋಪ್‌ವೇಯ ಅವಸರದಲ್ಲಿ ಬಂದವರು ಈ ಬಂಡೆಯ ಮುಂದೆಯೇ ನಿಲ್ಲದೆ ಸಾಗಿಹೋಗುವುದನ್ನು ಕಂಡು ನನಗೆ ಬೇಸರವಾಯಿತು.

ನಿಲ್ದಾಣ ತಲಪಿದಾಗ ಬೆಟ್ಟದ ಮೇಲೆ ಗಾಳಿ ಜೋರಾಗಿದ್ದುದರಿಂದ ಸಂಚಾರವನ್ನು ನಿಲ್ಲಿಸಿದ್ದರು. ಈ ಏಕಾಂಗಿ ಶಿಖರಸಾಲಿಗೆ ಬಡಿಯುವ ಗಾಳಿಯನ್ನು ತಡೆಯಲು ಸುತ್ತಲಿನ ಬಯಲಿನಲ್ಲಿ ಏನೂ ಇಲ್ಲ; ಆದ್ದರಿಂದ ಕಾಯಿಸಿದರೂ ಸರಿ, ಎಚ್ಚರ ತಪ್ಪದಿರುವುದೇ ಒಳ್ಳೆಯದೆಂದು ನಾನು ಭಾವಿಸುತ್ತೇನೆ. ಬಿಸಿಲೇರಿದ ಮೇಲೆ ಗಾಳಿ ತಗ್ಗಿ, ನಮ್ಮ ಸರದಿ ಬಂತು. ನಿಲ್ದಾಣದೊಳಗೆ ಕ್ಯಾಬಿನ್ ಉಕ್ಕಿನ ಹಗ್ಗದ ಹಿಡಿತವನ್ನು ಬಿಟ್ಟು ನಿಧಾನವಾಗಿ ಸರಿಯುತ್ತದೆ. ಅಷ್ಟರಲ್ಲಿ ಎಂಟು ಮಂದಿ ಹತ್ತಿ ಕೂರಬಹುದು. ಬಾಗಿಲು ಮುಚ್ಚಿಕೊಂಡು ಹಗ್ಗವನ್ನು ಮತ್ತೆ ಕಚ್ಚಿದೊಡನೆ ನೆಲ ಒಮ್ಮೆಲೇ ದೂರವಾಯಿತು. ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಜೈನರ ಣಮೋಕಾರ ಮಂತ್ರ ಹೇಳತೊಡಗಿದರು.

ಸುಮಾರು 2.3 ಕಿಲೋಮೀಟರಿನ ಆ ದಾರಿ ಎಂಟು ನಿಮಿಷದೊಳಗೇ ಮುಗಿಯುತ್ತದೆ. ಮೊದಲು ಕೆಳಗೆ ಸಿಂಹಗಳೂ ಸುಳಿದಾಡುವ ಒಣಕಾಡು. ಆಮೇಲೆ ರಣಹದ್ದುಗಳು ಗೂಡು ಕಟ್ಟುವ ಕಡಿದಾದ ಬಂಡೆಗಳು. ಕಂಬವೊಂದನ್ನು ದಾಟುವಾಗ ಕ್ಯಾಬಿನ್ ಸಣ್ಣಗೆ ಅದುರಿತು. ಅಷ್ಟು ಹೊತ್ತಿಗೆ ಅಮ್ಮ ಕಣ್ಣು ತೆರೆದು, ಬಂಡೆಯ ಮೈಗಂಟಿಕೊಂಡು ಏರುವ ಮೆಟ್ಟಿಲ ಸಾಲನ್ನೂ ಅದರಲ್ಲಿ ಕೋಲೂರಿ ಹತ್ತುತ್ತಿದ್ದವರನ್ನೂ ನೋಡುತ್ತ, "ಪುಣ್ಯವೆಲ್ಲ ಅವರದ್ದು ಮಗಾ" ಎಂದರು. ನಾನು ಒಪ್ಪಲಿಲ್ಲ. ಇಷ್ಟು ವರ್ಷ ಕಾದದ್ದೂ ಒಂದು ನಡಿಗೆಯೇ ಅಲ್ಲವೇ ಎಂದೆ.

ಮೇಲಿನ ನಿಲ್ದಾಣವಿರುವುದು ಅಂಬಾಜಿ ಗುಡಿಯ ಬಳಿ. ದತ್ತಾತ್ರೇಯರ ಪಾದುಕೆಯಿರುವ ಶಿಖರಕ್ಕೆ ಅಲ್ಲಿಂದ ಇನ್ನೂ ಸಾವಿರಾರು ಮೆಟ್ಟಿಲುಗಳನ್ನು ಇಳಿದು ಹತ್ತಬೇಕು. ಅಮ್ಮ ಅದಕ್ಕೆ ನಿಂತಲ್ಲಿಂದಲೇ ಕೈಮುಗಿದರು. ಹಿರಿಯರನ್ನು ಕರೆದೊಯ್ಯುವವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿಯೆಂದರೆ, ನೇಮಿನಾಥ ಮಂದಿರವೂ ಅದರ ಸುತ್ತಲಿನ ಜಿನಾಲಯಗಳೂ ಈ ನಿಲ್ದಾಣಕ್ಕಿಂತ ಸಾವಿರದಷ್ಟು ಮೆಟ್ಟಿಲು ಕೆಳಗಿವೆ. ರೋಪ್‌ವೇ ಅವುಗಳನ್ನು ದಾಟಿ ಮೇಲಕ್ಕೆ ಹೋಗಿಬಿಡುತ್ತದೆ. ಮಂಡಿನೋವಿನವರಿಗೆ ಇಳಿಯುವುದು ಏರುವುದಕ್ಕಿಂತಲೂ ಕಷ್ಟ. ಕೊನೆಗೆ ಡೋಲಿ ಮಾಡಿಕೊಂಡೆವು.

ಹೊತ್ತವರಲ್ಲಿ ಹಿರಿಯನಾಗಿದ್ದಾತ, ಮೊದಲು ಬುಡದಿಂದಲೇ ಜನ ತಮ್ಮನ್ನು ಕರೆಯುತ್ತಿದ್ದರೆಂದೂ ಈಗ ಮೇಲಿನ ಈ ತುಂಡು ದಾರಿಗೆ ಮಾತ್ರ ಕರೆಯುತ್ತಾರೆಂದೂ ಹಿಂದಿಯಲ್ಲಿ ಹೇಳಿದ. ಅವನ ಹೆಗಲಿನ ಭಾರ ಇಳಿದದ್ದಕ್ಕೆ ಸಂತೋಷಪಡಬೇಕೋ ಕೂಲಿ ಕಡಿಮೆಯಾದದ್ದಕ್ಕೆ ಮರುಗಬೇಕೋ ನನಗೆ ತಿಳಿಯಲಿಲ್ಲ. ನಿಲ್ದಾಣದಿಂದ ಮಂದಿರಗಳವರೆಗಿನ ಡೋಲಿ ಸೇವೆಯನ್ನು ಟಿಕೆಟ್ಟಿನೊಂದಿಗೇ ಸೇರಿಸಿ ಇವರಿಗೆ ನಿಗದಿತ ಸಂಬಳ ಕೊಟ್ಟರೆ ಯಾತ್ರಿಕರಿಗೂ ಅನುಕೂಲ, ಇವರ ಮನೆಗಳಿಗೂ ಆಧಾರ.

ಹನ್ನೆರಡನೆಯ ಶತಮಾನದ ಆ ಮಂದಿರದಲ್ಲಿ ಪದ್ಮಾಸನದ ಕಪ್ಪು ಮೂರ್ತಿಯ ಮುಂದೆ ಅಮ್ಮ ಬಹಳ ಹೊತ್ತು ಕುಳಿತಿದ್ದರು. ಶ್ರವಣಬೆಳಗೊಳದ ಚಾವುಂಡರಾಯ ಬಸದಿಯಲ್ಲಿಯೂ ನೇಮಿನಾಥ ಸ್ವಾಮಿಯೇ ಇರುವುದು ಎಂದು, ಪಕ್ಕದಲ್ಲಿ ಕುಳಿತಿದ್ದ ರಾಜಸ್ಥಾನದ ಹೆಂಗಸಿಗೆ ತಮಗೆ ಬಂದಷ್ಟು ಹಿಂದಿಯಲ್ಲಿ ಹೇಳಿ, ಅಲ್ಲಿಗೆ ಖಂಡಿತ ಬರಬೇಕೆಂದು ಕರೆದರು.