ಅರ್ಧ ಕ್ಯಾನ್ ಬ್ರೇಕ್ ಆಯಿಲ್

ಆಗುಂಬೆ ಘಾಟಿಯ 14 ತಿರುವು ಇಳಿದು ಸೋಮೇಶ್ವರದಲ್ಲಿ ನಿಂತಾಗ ಕಾರಿನ ಬ್ರೇಕ್ ಪೆಡಲ್ ಮೆತ್ತಗಿತ್ತು. ಇಪ್ಪತ್ತು ನಿಮಿಷ ಬಿಟ್ಟು ಒತ್ತಿದರೆ ಮತ್ತೆ ಗಟ್ಟಿ. ಆ ಗಟ್ಟಿ ಪೆಡಲನ್ನು ನಂಬಿ, "ಹೊಸ ಪ್ಯಾಡ್, ಬೆಡ್ಡಿಂಗ್ ಪೂರ್ತಿ ಆಗಿಲ್ಲ", ಅಂದರೆ ಪ್ಯಾಡ್ ಡಿಸ್ಕಿಗೆ ಇನ್ನೂ ಸರಿ ಕೂತಿಲ್ಲ ಎಂದು ಬರೆದು ಜಾಬ್ ಕಾರ್ಡಿಗೆ ಸಹಿ ಹಾಕಿದೆ. ಎಂಟು ದಿನ ಕಳೆದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ, ಮೂರನೇ ಸೆಷನ್‌ನಲ್ಲಿ, ಅದೇ ಕಾರು ತಿರುವಿನಲ್ಲಿ ನಿಲ್ಲದೆ ನೇರ ಮಣ್ಣಿಗೆ ಇಳಿಯಿತು. ಯಾರಿಗೂ ಏಟಾಗಲಿಲ್ಲ. ಆದರೆ ತಪ್ಪು ನಮ್ಮ ಗ್ಯಾರೇಜಿನದು, ಅದರಲ್ಲೂ ನನ್ನದು.

ಗಾಡಿ ನಿಸ್ಸಾನ್ 370ಝೆಡ್, ಮ್ಯಾನುವಲ್. 3.7 ಲೀಟರಿನ ವಿ6 ಇಂಜಿನ್, ಸುಮಾರು ಒಂದೂವರೆ ಟನ್ ತೂಕ. ವಾರವಿಡೀ ಮಂಗಳೂರಲ್ಲಿ ಓಡಬೇಕು, ವರ್ಷಕ್ಕೆ ಎರಡು ಮೂರು ಸಲ ಟ್ರ್ಯಾಕಿಗೂ ಹೋಗಬೇಕು ಎಂಬುದು ಓನರ್ ಆಸೆ. ಒಂದೇ ಸಲಕ್ಕೆ ಎಲ್ಲ ಮಾಡುವುದು ಬೇಡ ಎಂದು ನಾವೇ ಹೇಳಿದ್ದೆವು. ಮೊದಲು ಬ್ರೇಕ್ ಮತ್ತು ಕ್ಲಚ್, ಆಮೇಲೆ ಆಯಿಲ್ ಕೂಲರ್, ಆಮೇಲೆ ಸಸ್ಪೆನ್ಷನ್ನಿನ ಬುಷ್ ಮತ್ತು ಕಾಯ್ಲೋವರ್ (ಸ್ಪ್ರಿಂಗ್-ಡ್ಯಾಂಪರ್ ಜೋಡಿ), ಪವರ್ ಕೊನೆಗೆ. ಈ ಸರದಿ ಸರಿಯಾಗಿಯೇ ಇತ್ತು, ಈಗಲೂ ಹಾಗೇ ಹೇಳುತ್ತೇನೆ. ಈ ಇಂಜಿನಿನ ಆಯಿಲ್ ಟ್ರ್ಯಾಕಿನಲ್ಲಿ ಬೇಗ ಬಿಸಿಯೇರುತ್ತದೆ, ಹೆಚ್ಚಾದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನೇ ಆರ್‌ಪಿಎಂ ಕಟ್ ಮಾಡುತ್ತದೆ. ಹಾಗಾಗಿ ಕೂಲರ್ ಇಲ್ಲದೆ ಎಕ್ಸಾಸ್ಟಿಗೆ ದುಡ್ಡು ಹಾಕುವುದು ವ್ಯರ್ಥ.

ಸಿಎಸ್‌ಸಿ (ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್) ಬದಲಿಸಲು ಗೇರ್‌ಬಾಕ್ಸ್ ಇಳಿಸಿದ್ದೆವು. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿನ ಒಂದು ಲೀಟರಿನ ಹೊಸ ಕ್ಯಾನ್ ಒಡೆದು ಮೊದಲು ಕ್ಲಚ್ ಲೈನ್ ಫ್ಲಷ್ ಮಾಡಿದೆವು. ಗಾಳಿ ಹಟ ಹಿಡಿದು ಕೂತಿತ್ತು, ಕಾಲು ಲೀಟರಿಗಿಂತ ಹೆಚ್ಚು ಅಲ್ಲಿಗೇ ಹೋಯಿತು. ಹಿಂದಿನ ಎರಡು ಚಕ್ರ ಮುಗಿಯುವಾಗ ಕ್ಯಾನ್ ಖಾಲಿ. ಮುಂದಿನವು ನಾಲ್ಕು ಪಿಸ್ಟನ್‌ನ ಕ್ಯಾಲಿಪರ್, ಗಾಳಿ ಬಿಡಲು ಒಳಗೊಂದು ಹೊರಗೊಂದು ನಿಪ್ಪಲ್, ಅವಕ್ಕೇ ಹೆಚ್ಚು ಬೇಕು. ಸ್ಟೋರಿನಲ್ಲಿ ಅರ್ಧ ಕ್ಯಾನ್ ಇತ್ತು, ಅದನ್ನೇ ಹಾಕಿದೆವು. ಅದೇ ಬ್ರಾಂಡ್, ಅದೇ ಡಾಟ್ 4, ತಯಾರಿಕೆಯ ದಿನಾಂಕವೂ ಹಳೆಯದಲ್ಲ. ಅದನ್ನು ಜೂನ್‌ನಲ್ಲಿ ಒಡೆದದ್ದು ಎಂದು ಯಾರೂ ಬರೆದಿರಲಿಲ್ಲ. ನಾವು ಕೆಲಸ ಮಾಡುತ್ತಿದ್ದದ್ದು ಅಕ್ಟೋಬರಿನಲ್ಲಿ. ಇಡೀ ಮಳೆಗಾಲ ಆ ಕ್ಯಾನ್ ಸ್ಟೋರಿನ ಹಲಗೆಯ ಮೇಲೆ ಕೂತಿತ್ತು.

ಗ್ಲೈಕಾಲ್ ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ಅಂದರೆ ಹೊಸತಿರುವಾಗ ಕನಿಷ್ಠ 230 ಡಿಗ್ರಿ ಕುದಿಬಿಂದು, 3.7 ಶೇಕಡಾ ನೀರು ಸೇರಿದಾಗ ಕನಿಷ್ಠ 155. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಸರಿ ಕೂರದ ಅರ್ಧ ಕ್ಯಾನ್ ಯಾವ ಕಡೆಗೆ ಜಾರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಕುದಿದರೆ ಲೈನಿನಲ್ಲಿ ಆವಿ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಒತ್ತಿದ ಕಾಲು ಆವಿಯನ್ನಷ್ಟೇ ಕುಗ್ಗಿಸಿ ನೆಲ ಮುಟ್ಟುತ್ತದೆ.

ನಾನು ಎಡವಿದ ಜಾಗ ಇದು. ಪ್ಯಾಡ್ ಫೇಡ್ ಆದರೆ, ಅಂದರೆ ಬಿಸಿಗೆ ಹಿಡಿತ ಕಳೆದುಕೊಂಡರೆ, ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಬೇಗ ಬೇಗ ಪಂಪ್ ಮಾಡಿದರೆ ಸ್ವಲ್ಪ ಸಿಗುತ್ತದೆ, ತಣ್ಣಗಾದರೆ ಆವಿ ಮತ್ತೆ ದ್ರವವಾಗಿ ಮೊದಲಿನಂತಾಗುತ್ತದೆ. ಸೋಮೇಶ್ವರದಲ್ಲಿ ಆದದ್ದು ಇದೇ, ಒಂದಕ್ಷರ ವ್ಯತ್ಯಾಸವಿಲ್ಲ. ಓನರ್ ಘಾಟಿಯ ಮಧ್ಯದಲ್ಲೇ "ಅಣ್ಣಾ, ಪೆಡಲ್ ಎಂತದೋ ಕೆಳಗೆ ಹೋಗ್ತಾ ಉಂಟು" ಎಂದಿದ್ದರು. ಪಕ್ಕದಲ್ಲೇ ಕೂತಿದ್ದ ನಾನು, "ಸೆಕೆಂಡ್ ಗೇರಲ್ಲಿ ಇಳೀರಿ, ಪ್ಯಾಡ್ ಕೂರ್ತದೆ" ಎಂದೆ. ಸುಟ್ಟ ವಾಸನೆ ಮೂಗಿಗೆ ಬಡಿದ ಕೂಡಲೇ ಮನಸ್ಸು ಪ್ಯಾಡ್ ಎಂದು ತೀರ್ಮಾನಿಸಿ ಆಗಿತ್ತು. ಆದರೆ ಬಿಸಿ ಪ್ಯಾಡಿನ ವಾಸನೆ ಎರಡರಲ್ಲೂ ಬರುತ್ತದೆ. ಕಾಲಿಗೆ ಏನನ್ನಿಸಿತು ಎಂಬುದೊಂದೇ ಬೇರೆ ಮಾಡಿ ಹೇಳುವ ಗುರುತು, ಅದನ್ನು ಅವರು ಹೇಳಿಯೂ ಇದ್ದರು.

ಕರಿ ಸುಮಾರು 2.1 ಕಿಲೋಮೀಟರಿನ ಸಣ್ಣ ಟ್ರ್ಯಾಕ್. ಒಂದು ಬ್ರೇಕಿಂಗಿನ ಬಿಸಿ ಆರುವ ಮೊದಲೇ ಇನ್ನೊಂದು ಬರುತ್ತದೆ. ಪಿಟ್‌ನಿಂದ ನೋಡುತ್ತಿದ್ದೆ. ಬ್ರೇಕ್ ಲೈಟ್ ಹತ್ತಿತು, ಗಾಡಿಯ ಮೂತಿ ಬಾಗಲಿಲ್ಲ. ಲೈಟ್ ಆರಿತು, ಹತ್ತಿತು, ಆರಿತು, ಹತ್ತಿತು. ಓನರ್ ಪೆಡಲ್ ಪಂಪ್ ಮಾಡುತ್ತಿದ್ದಾರೆ ಎಂದು ಗೊತ್ತಾದ ಕ್ಷಣಕ್ಕೇ ಘಾಟಿಯ ಮಾತೂ ನೆನಪಾಯಿತು. ಧೂಳು ಇಳಿದು ಅವರು ಬಾಗಿಲು ತೆಗೆಯುವವರೆಗೆ ನನ್ನ ಕಾಲು ಅಲುಗಾಡಲಿಲ್ಲ.

ವಾಪಸು ಬಂದು ಆ ಕ್ಯಾನಿನ ತಳದಲ್ಲಿ ಉಳಿದದ್ದಕ್ಕೆ ತೇವ ಅಳೆಯುವ ಟೆಸ್ಟರ್ ಪೆನ್ ಅದ್ದಿದೆವು. ಕೆಂಪು, ಅಂದರೆ ನೀರು ಹೆಚ್ಚು. ಮುಂದಿನ ಕ್ಯಾಲಿಪರಿನಿಂದ ತೆಗೆದ ಸ್ಯಾಂಪಲ್ಲಿಗೂ ಕೆಂಪು. ಟ್ರ್ಯಾಕಿಗೆ ಹೊಸ ಡಾಟ್ 4 ಕೂಡ ಸಾಲದೆ ಹೋಗುತ್ತಿತ್ತೋ ಏನೋ, ಘಾಟಿಗೆ ಖಂಡಿತ ಸಾಲುತ್ತಿತ್ತು. ಪೆನ್ ಕೂಡ ಅಂದಾಜಷ್ಟೇ ಕೊಡುತ್ತದೆ, ಕುದಿಸಿ ನೋಡುವ ಟೆಸ್ಟರ್ ಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದೇವೆ. "ಅರ್ಧ ಕ್ಯಾನ್ ಎಸೆಯಬೇಡಿ" ಎಂಬುದು ಮೇಲಿನವರ ಲೆಕ್ಕ. ಉಳಿಯುವ ದುಡ್ಡು ಕೆಲವು ನೂರು ರೂಪಾಯಿ.

ಆ ಗಾಡಿಗೆ ಈಗ ಮೋತುಲ್ ಆರ್‌ಬಿಎಫ್ 600 ಹಾಕಿದ್ದೇವೆ. ಹೊಸತಿರುವಾಗ ಕುದಿಬಿಂದು 312 ಡಿಗ್ರಿ. 500 ಮಿಲಿ ಬಾಟಲಿ ಮೂರು ತರಿಸುತ್ತೇವೆ: ಬ್ರೇಕಿಗೆ ಎರಡು, ಕ್ಲಚ್ಚಿಗೆ ಒಂದು. ಸಿರಿಂಜಿನಲ್ಲಿ ರಿಸರ್ವಾಯರ್ ಖಾಲಿ ಮಾಡಿ ಹೊಸದು ತುಂಬಿ, ಮಿನಿಮಮ್ ಗೆರೆಗಿಂತ ಕೆಳಗೆ ಇಳಿಯಲು ಬಿಡದೆ ಬ್ಲೀಡ್ ಮಾಡಬೇಕು, ಅಂದರೆ ನಿಪ್ಪಲಿನಿಂದ ಹಳೆಯ ಆಯಿಲ್ ಮತ್ತು ಗಾಳಿ ಹೊರಬಿಡಬೇಕು. ಎಬಿಎಸ್ ಮಾಡ್ಯೂಲಿಗೆ ಗಾಳಿ ಹೊಕ್ಕರೆ ಸ್ಕ್ಯಾನರ್ ಇಲ್ಲದೆ ಅದು ಬಿಡುವುದಿಲ್ಲ. ಉಪ್ಪುಗಾಳಿಗೆ ನಿಪ್ಪಲ್ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟು, ಬೆಳಿಗ್ಗೆ ಆರು ಮೂಲೆಯ ಸಾಕೆಟ್‌ನಲ್ಲೇ ತೆಗೆಯಬೇಕು. ಅಂಗಡಿಯಲ್ಲಿ ಡಾಟ್ 5.1 ಕೇಳಿ ಡಾಟ್ 5 ತರಬಾರದು, 5 ಸಿಲಿಕೋನ್, ಇದಕ್ಕೆ ಸೇರುವುದಿಲ್ಲ.

ರೇಸಿಂಗ್ ಆಯಿಲ್ ಕೂಡ ತೇವ ಹೀರುತ್ತದೆ. ಹಾಗಾಗಿ ಮಳೆಗಾಲ ಮುಗಿದ ಮೇಲೆ ಒಮ್ಮೆ, ಪ್ರತಿ ಟ್ರ್ಯಾಕ್ ಡೇಗೆ ಮೊದಲು ಒಮ್ಮೆ ಬದಲಿಸುತ್ತೇವೆ. ಸೆಷನ್ ಮುಗಿಸಿದ ಕೂಡಲೇ ಗಾಡಿ ನಿಲ್ಲಿಸಬಾರದು. ಗಾಳಿ ನಿಂತೊಡನೆ ಬ್ರೇಕ್ ಡಿಸ್ಕಿನ ಬಿಸಿ ಪ್ಯಾಡ್, ಪಿಸ್ಟನ್ ದಾಟಿ ಆಯಿಲಿಗೆ ಏರುತ್ತದೆ. ಒಂದು ಲ್ಯಾಪ್ ಬ್ರೇಕ್ ಮುಟ್ಟದೆ ಸುತ್ತಿ ಬಂದು, ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರ ಉರುಳದಂತೆ ಕಟ್ಟೆ ಕೊಡಬೇಕು.

ಜಾಬ್ ಕಾರ್ಡಿನಲ್ಲಿ ಎರಡು ಹೊಸ ಕಾಲಂ ಕೇಳಿದ್ದೇನೆ: ಆಯಿಲ್ ಬಾಟಲಿ ಒಡೆದ ದಿನಾಂಕ, ಮತ್ತು ಬಿಸಿಯಾದಾಗ ಪೆಡಲ್ ಗಟ್ಟಿಯೋ ಮೆತ್ತಗೋ. ಅಚ್ಚಾದ ಕಾರ್ಡ್ ಮುಗಿಯಲಿ ಎಂದಿದ್ದಾರೆ. ಅಲ್ಲಿಯವರೆಗೆ ಕಾರ್ಡಿನ ಅಂಚಿನಲ್ಲಿ ಪೆನ್ನಿನಿಂದ ಗೆರೆ ಎಳೆದು ಬರೆಯುತ್ತಿದ್ದೇವೆ.